ರಾಜಮತಿಯಕ್ಕನ ಲಾಕರಿನ ಆರು ಕೋಳಿಗಳು

ಮಗಳ ಹೆರಿಗೆಗೆಂದು ಕಾಂತಿ ಶೆಡ್ತಿ ಮೂರು ತಿಂಗಳು ಅಬುಧಾಬಿಗೆ ಹೋಗಬೇಕಾಗಿ ಬಂತು. ಹೋಗುವ ಮೊದಲು ಭದ್ರ ಮಾಡಬೇಕಾದದ್ದು ಎರಡೇ, ಬಂಗಾರ ಮತ್ತು ಕೋಳಿ. ಬಂಗಾರದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಮೂಡುಬಿದಿರೆಯ ಸೊಸೈಟಿಯಲ್ಲಿ ಲಾಕರ್ ಇತ್ತು, ಇಟ್ಟು ಬೀಗ ಹಾಕಿ ಬಂದಳು. ಕೋಳಿಗಳದ್ದೇ ತಲೆಬಿಸಿ. ಮನೆಯಲ್ಲಿ ಗಂಡ ಸಂಕಪ್ಪ ಶೆಟ್ರು ಇದ್ದರು, ಇಲ್ಲ ಎಂದಲ್ಲ. ಆದರೆ ಕೋಳಿಗಳನ್ನು ಶೆಟ್ರ ವಶಕ್ಕೆ ಕೊಟ್ಟು ಹೋಗುವುದೂ ಒಂದೇ, ಬಂಗಾರವನ್ನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲಿಟ್ಟು ಹೋಗುವುದೂ ಒಂದೇ. ಶೆಟ್ರು ಕೋಳಿಯನ್ನು ನೋಡುವಾಗ ಅವರ ಕಣ್ಣಿಗೆ ಗರಿ, ಕೊಕ್ಕು, ಕಾಲು ಯಾವುದೂ ಬೀಳುವುದಿಲ್ಲ. ನೇರವಾಗಿ ತೆಂಗಿನಕಾಯಿ ಮಸಾಲೆಯ ಗಸಿಯೇ ಕಾಣುತ್ತದೆ.

ಮೂರು ದಿನ ಯೋಚಿಸಿ ಕಾಂತಿ ಕೋಳಿಗೂಡನ್ನು ಹೊರಿಸಿಕೊಂಡು ಪಕ್ಕದ ಮನೆಗೆ ಬಂದಳು. ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿದ್ದ ಆ ಎರಡು ಮನೆಗಳ ನಡುವೆ ಸೊಂಟದೆತ್ತರದ ಒಂದು ಗೋಡೆ. ಗೋಡೆಯ ಈಚೆಗೆ ರಾಜಮತಿಯಕ್ಕ. ಜೈನರ ಮನೆ. ಕುಡಿಯುವ ನೀರನ್ನು ಇವತ್ತಿಗೂ ಬಟ್ಟೆಯಲ್ಲಿ ಸೋಸುವ, ಬಚ್ಚಲಿಗೆ ಬಿದ್ದ ಇರುವೆಯನ್ನು ಕಡ್ಡಿ ಕೊಟ್ಟು ಹತ್ತಿಸುವ, ಜಿರಳೆಗೆ ಬಾಗಿಲು ತೆರೆದು ದಾರಿ ತೋರಿಸುವ ಹೆಂಗಸು.

"ರಾಜಮತಿಯಕ್ಕ, ನಿಮ್ಮ ಅಂಗಳ ಎಂದರೆ ನನಗೆ ಲಾಕರ್ ಇದ್ದ ಹಾಗೆ," ಎಂದಳು ಕಾಂತಿ. "ಇಲ್ಲಿ ಇಟ್ಟದ್ದನ್ನು ಯಾರೂ ತಿನ್ನುವುದಿಲ್ಲ."

ಅರುವತ್ತೆರಡು ವರ್ಷದಲ್ಲಿ ತನ್ನ ಧರ್ಮಕ್ಕೆ ಇಷ್ಟು ಪ್ರಯೋಜನಕರವಾದ ಹೊಗಳಿಕೆಯನ್ನು ರಾಜಮತಿಯಕ್ಕ ಕೇಳಿರಲಿಲ್ಲ. ಒಪ್ಪಿಕೊಂಡರು. ಮೊಟ್ಟೆಯನ್ನು ಅವರು ಮುಟ್ಟಬೇಕಾಗಿಲ್ಲ, ನೋಡಬೇಕಾಗಿಯೂ ಇಲ್ಲ. ದಿನಾ ಹತ್ತು ಗಂಟೆಗೆ ಶೆಟ್ರೇ ಬಂದು ಗೂಡಿನಿಂದ ತೆಗೆದುಕೊಂಡು ಹೋಗುವುದು ಎಂದಾಯಿತು. ಗೂಡಿನೊಳಗೆ ಹುಲ್ಲು ಹಾಸಿದ ಆರು ಬುಟ್ಟಿಗಳು, ಒಂದೊಂದು ಕೋಳಿಗೆ ಒಂದೊಂದು. ಬಿಳಿಯದು ಬೊಳ್ಳಿ, ಮೈಯೆಲ್ಲ ಚುಕ್ಕೆಯಿದ್ದದ್ದು ಚುಕ್ಕಿ, ಉಳಿದ ನಾಲ್ಕಕ್ಕೆ ಹೆಸರಿಡುವಷ್ಟು ಕಾಂತಿಗೆ ಪುರುಸೊತ್ತು ಆಗಿರಲಿಲ್ಲ. ಹುಂಜವೊಂದಿತ್ತಲ್ಲ, ಅದೆಲ್ಲಿ ಎಂದು ರಾಜಮತಿಯಕ್ಕ ಕೇಳಿದರು. ಅದು ನೆಂಟರ ಮನೆಗೆ ಹೋಯಿತು ಎಂದು ಕಾಂತಿ ಬೇರೆ ಕಡೆ ನೋಡಿಕೊಂಡು ಹೇಳಿದಳು. ಹಿಂದಿನ ದಿನ ನೆಂಟರು ಬಂದು ಊಟ ಮಾಡಿ ಹೋದದ್ದಂತೂ ನಿಜ.

ಕಾರು ಹತ್ತುವ ಮುಂಚೆ ಕಾಂತಿ ಗೇಟಿನ ಬಳಿ ನಿಂತು ಗಂಡನಿಗೆ ತನ್ನ ಮನೆಯ ಹಳೆಯ ಕಾನೂನನ್ನು ಇನ್ನೊಮ್ಮೆ ಓದಿ ಹೇಳಿದಳು. ರಾಜಮತಿಯಕ್ಕನಿಗೂ ಕೇಳುವ ಹಾಗೆ.

"ಮೊಟ್ಟೆ ಇಡುವ ಕೋಳಿಯನ್ನು ಮುಟ್ಟಬಾರದು. ಇಡುವುದು ನಿಲ್ಲಿಸಿದ್ದು ಉಂಟಾದರೆ ಅದು ನಿಮ್ಮದು."

ಶೆಟ್ರು ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯಲ್ಲಿ ತುಂಬಾ ತಾಳ್ಮೆಯಿತ್ತು.

ಮರುದಿನ ಬೆಳಿಗ್ಗೆ ರಾಜಮತಿಯಕ್ಕ ಗೂಡಿನ ಬಾಗಿಲು ತೆರೆದರು. ಬೊಳ್ಳಿ ಮೆಟ್ಟಿಲಿಳಿದು, ಸುತ್ತ ನೋಡಿ, ಬಾಳೆಬುಡದ ಹಸಿಮಣ್ಣನ್ನು ಎರಡು ಸಲ ಕೆದಕಿ, ಗೇಣುದ್ದದ ಎರೆಹುಳವೊಂದನ್ನು ಎಳೆದು ತೆಗೆದು ಶ್ಯಾವಿಗೆಯಂತೆ ನುಂಗಿತು. ರಾಜಮತಿಯಕ್ಕ ಅಲ್ಲೇ ಕುಳಿತುಬಿಟ್ಟರು. ಇಪ್ಪತ್ತು ವರ್ಷ ಇದೇ ಕೆಲಸ ಗೋಡೆಯ ಆಚೆ ನಡೆದಿತ್ತು, ಅವರು ಆ ಕಡೆ ನೋಡುತ್ತಿರಲಿಲ್ಲ. ಈಗ ತನ್ನ ಅಂಗಳದಲ್ಲಿ, ತಾನೇ ಬಾಗಿಲು ತೆರೆದು, ಅದೂ ಇನ್ನೂ ಸ್ನಾನ ಆಗದಿರುವಾಗ.

ಆದರೆ ಆ ಸಂಜೆ ಅವರ ಮನಸ್ಸು ಸ್ವಲ್ಪ ತಿಳಿಯಾಯಿತು. ಸೂರ್ಯ ಇಳಿಯುವ ಮೊದಲೇ ಆರೂ ಕೋಳಿಗಳು ಸಾಲಾಗಿ ಗೂಡಿಗೆ ಹೋದವು. ಮತ್ತೆ ಒಂದು ಕಾಳು ಮುಟ್ಟಲಿಲ್ಲ. ಕತ್ತಲಾದ ಮೇಲೆ ಉಣ್ಣಬಾರದೆಂಬ ನಿಯಮವನ್ನು ಆ ಮನೆಯಲ್ಲಿ ಪಾಲಿಸುತ್ತಿದ್ದದ್ದು ರಾಜಮತಿಯಕ್ಕ ಒಬ್ಬರೇ. ಮೊಮ್ಮಗಳು ಬ್ರಾಹ್ಮಿ ಮೂಡುಬಿದಿರೆಯಲ್ಲಿ ಎರಡನೇ ವರ್ಷದ ಬಿಕಾಂ, ಅವಳ ಊಟದ ಸಮಯ ಅವಳ ಫೋನಿಗೆ ಮಾತ್ರ ಗೊತ್ತು. ಈ ಕೋಳಿಗಳಲ್ಲಿ ವ್ರತ ಹಿಡಿದ ಶ್ರಾವಕರ ಅರ್ಧ ಲಕ್ಷಣ ಹುಟ್ಟಿನಿಂದಲೇ ಉಂಟು, ಉಳಿದರ್ಧವನ್ನು ತಾನು ಕಲಿಸುತ್ತೇನೆ ಎಂದು ರಾಜಮತಿಯಕ್ಕ ನಿಶ್ಚಯಿಸಿದರು. ಉಪಾಯ ಬಹಳ ಸುಲಭ. ಹೊಟ್ಟೆ ತುಂಬಿದವರು ಯಾರಾದರೂ ಹುಳ ತಿನ್ನುತ್ತಾರಾ? ಕಾಂತಿ ಹಾಕುತ್ತಿದ್ದದ್ದು ತವುಡು, ಅದಕ್ಕೆ ನಿನ್ನೆಯ ಅನ್ನ. ಅದನ್ನು ತಿಂದ ಯಾವ ಜೀವಕ್ಕಾದರೂ ಬೇರೆ ಏನಾದರೂ ಬೇಕು ಎನಿಸಲೇಬೇಕು. ಒಳ್ಳೆಯ ಧಾನ್ಯ ಹಾಕಿದರೆ ಎಲ್ಲ ಸರಿಯಾಗುತ್ತದೆ.

ಮೊಮ್ಮಗಳನ್ನು ಕರೆದುಕೊಂಡು ಅವರು ಮೂಡುಬಿದಿರೆಯ ಮೊಯಿದಿನಬ್ಬರ ಅಂಗಡಿಗೆ ಹೋದರು. ದನಕ್ಕೆ ಹಿಂಡಿ, ಕೋಳಿಗೆ ಕಾಳು, ನಾಯಿಗೆ ಬಿಸ್ಕಿಟು ಮಾರುವ ಅಂಗಡಿ. ಕೋಳಿ ಮೊಟ್ಟೆಗೆ ಸಾಕುವುದಾ ಮಾಂಸಕ್ಕಾ ಎಂದು ಮೊಯಿದಿನಬ್ಬ ವಾಡಿಕೆಯಂತೆ ಕೇಳಿದರು. ಎರಡಕ್ಕೂ ಅಲ್ಲ ಎಂದು ರಾಜಮತಿಯಕ್ಕ ಹೇಳಿದಾಗ ಅವರು ತಕ್ಕಡಿಯಿಂದ ಕೈ ತೆಗೆದರು.

"ಯಾವುದು ಹಾಕಿದರೆ ಕೋಳಿಗೆ ಹುಳದ ನೆನಪೇ ಬರುವುದಿಲ್ಲ, ಅದು ಕೊಡಿ."

ಮೂವತ್ತು ವರ್ಷದ ವ್ಯಾಪಾರದಲ್ಲಿ ಮೊಯಿದಿನಬ್ಬರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಟೊಪ್ಪಿ ತೆಗೆದು ತಲೆ ತುರಿಸಿ, ಮತ್ತೆ ಟೊಪ್ಪಿ ಇಟ್ಟುಕೊಂಡು, ಒಂದೊಂದೇ ಗೋಣಿಯ ಬಾಯಿ ಬಿಚ್ಚಿದರು. ಮೆಕ್ಕೆಜೋಳದ ನುಚ್ಚು, ಬಿಳಿಜೋಳ, ಸಜ್ಜೆ, ರಾಗಿ. ಅಷ್ಟರಲ್ಲಿ ಬ್ರಾಹ್ಮಿ ಫೋನಿನಲ್ಲಿ ಯಾವುದೋ ದೇಶದ ಯಾವುದೋ ಹೆಂಗಸಿನ ವಿಡಿಯೋ ಹಿಡಿದು ತೋರಿಸಿದಳು. ಆಕೆ ಟೊಪ್ಪಿ ಹಾಕಿದ ಕೋಳಿಗಳಿಗೆ ಅಂಗೈಯಲ್ಲಿ ಸೂರ್ಯಕಾಂತಿ ಬೀಜ ತಿನ್ನಿಸುತ್ತಿದ್ದಳು, ಕೋಳಿಗಳು ಅವಳ ಮಡಿಲಿಗೇ ಹತ್ತುತ್ತಿದ್ದವು. ಒಂದು ಕೋಳಿಯೂ ನೆಲ ಕೆದಕುತ್ತಿರಲಿಲ್ಲ. ರಾಜಮತಿಯಕ್ಕ ಎರಡು ಸಲ ನೋಡಿ ಸೂರ್ಯಕಾಂತಿ ಬೀಜಕ್ಕೆ ಹೇಳಿದರು. ಜೊತೆಗೆ ಎಳ್ಳು, ನೆಲಕಡಲೆ. ಇದೆಲ್ಲ ಯಾವಾಗಲಾದರೊಮ್ಮೆ ಒಂದು ಮುಷ್ಟಿ ಹಾಕುವುದಮ್ಮ, ದಿನಾ ಅಲ್ಲ ಎಂದು ಮೊಯಿದಿನಬ್ಬ ಹಿಂದಿನಿಂದ ಹೇಳಿದ್ದು ರಿಕ್ಷಾದ ಸದ್ದಿನಲ್ಲಿ ಮುಳುಗಿತು.

ಮನೆಗೆ ಬಂದು ಎಲ್ಲವನ್ನೂ ಗೆರಸೆಗೆ ಸುರಿದು ಆರಿಸಲು ಕುಳಿತರು. ಬಿಳಿಜೋಳದಲ್ಲಿ ಕರಿಹುಳಗಳು ಓಡಾಡುತ್ತಿದ್ದವು. ರಾಜಮತಿಯಕ್ಕ ಕನ್ನಡಕ ಏರಿಸಿ, ಒಂದೊಂದನ್ನೂ ಹಲಸಿನ ಎಲೆಯ ಮೇಲೆ ಹತ್ತಿಸಿಕೊಂಡು, ಮುಳ್ಳು ತೆಗೆಯುವಷ್ಟು ನಾಜೂಕಿನಲ್ಲಿ ಬೇಲಿಯ ನೆರಳಿಗೆ ಒಯ್ದು ಬಿಟ್ಟರು. ಎರಡನೆಯ ಎಲೆ, ಮೂರನೆಯ ಎಲೆ. ನಾಲ್ಕನೆಯದನ್ನು ಒಯ್ಯುವಾಗ ಬೇಲಿಯ ಬಳಿ ಆರೂ ಕೋಳಿಗಳು ಶಿಸ್ತಾಗಿ ಕಾಯುತ್ತಿದ್ದವು. ಮೊದಲ ಮೂರು ಎಲೆಗಳು ಗುಡಿಸಿದಷ್ಟು ಚೊಕ್ಕವಾಗಿದ್ದವು.

"ಅಜ್ಜಿ, ನೀವು ಅವಕ್ಕೆ ಸ್ಟಾರ್ಟರ್ ಬಡಿಸ್ತಾ ಇದ್ದದ್ದಾ?" ಎಂದು ಬ್ರಾಹ್ಮಿ ಜಗಲಿಯಲ್ಲಿ ಹೊಟ್ಟೆ ಹಿಡಿದುಕೊಂಡಳು.

ಅಂದಿನಿಂದ ಹುಳದ ಎಲೆ ರಸ್ತೆ ದಾಟಿ ಆಚೆಯ ಗುಡ್ಡೆಗೆ ಹೋಗತೊಡಗಿತು. ಕೋಳಿಗಳು ಸಿಮೆಂಟಿನ ಅಂಗಳಕ್ಕೆ ಬಂದವು. ಅಡಿಕೆ ಒಣಗಿಸುವ ಅಂಗಳ, ಸುತ್ತ ಬಲೆ ಕಟ್ಟಿಸಿದರು. ಅಲ್ಲಿ ಮಣ್ಣಿಲ್ಲ, ಹಾಗಾಗಿ ಹುಳವಿಲ್ಲ, ಹಾಗಾಗಿ ಪಾಪವೂ ಇಲ್ಲ. ಬೆಳಿಗ್ಗೆ ಮೆಕ್ಕೆಜೋಳ, ಹನ್ನೊಂದಕ್ಕೆ ನೆಲಕಡಲೆ, ಮಧ್ಯಾಹ್ನ ಸೂರ್ಯಕಾಂತಿ, ನಾಲ್ಕಕ್ಕೆ ಬೆಲ್ಲ ಹಾಕದ ಎಳ್ಳು. ಯಾವ ಕೋಳಿಗೆ ಏನು ಇಷ್ಟ ಎಂಬುದು ಅವರಿಗೆ ಒಂದು ವಾರದಲ್ಲಿ ಬಾಯಿಪಾಠವಾಯಿತು. ಬೊಳ್ಳಿಗೆ ಜೋಳವೆಂದರೆ ಆಗದು, ಕಾಲಿನಿಂದ ದೂಡುತ್ತದೆ. ಚುಕ್ಕಿಗೆ ಸೂರ್ಯಕಾಂತಿ ಸಿಕ್ಕಿದರೆ ಲೋಕ ಬೇಡ. ಚುಕ್ಕಿ ತಟ್ಟೆಯ ಬಳಿ ಬರುವುದನ್ನೂ ಬಿಟ್ಟಿತು, ಕುಳಿತಲ್ಲಿಂದ ಬಾಯಿ ತೆರೆಯುತ್ತಿತ್ತು. ರಾಜಮತಿಯಕ್ಕ ಅಲ್ಲಿಗೇ ತಂದು ಹಾಕುತ್ತಿದ್ದರು. ಹದಿನೆಂಟು ದಿನ ಆ ಅಂಗಳದಲ್ಲಿ ಒಂದು ಹುಳವೂ ಸಾಯಲಿಲ್ಲ.

ಒಂದು ಮೊಟ್ಟೆಯೂ ಹುಟ್ಟದಿರುವ ದಿನಗಳು ಕೂಡ ಅಷ್ಟರಲ್ಲಿ ಸುರುವಾಗಿದ್ದವು.

ಮೊದಮೊದಲು ಶೆಟ್ರು ದಿನಕ್ಕೆ ನಾಲ್ಕು ಮೊಟ್ಟೆ ಒಯ್ಯುತ್ತಿದ್ದರು. ಆಮೇಲೆ ಎರಡು, ಆಮೇಲೆ ಒಂದು. ಮೊಟ್ಟೆ ಕಡಿಮೆಯಾದಷ್ಟೂ ಅವರ ಮುಖ ಅರಳುತ್ತ ಹೋದದ್ದನ್ನು ರಾಜಮತಿಯಕ್ಕ ಗಮನಿಸಲಿಲ್ಲ. ಮೊಟ್ಟೆಯ ಕಡೆ ಅವರು ನೋಡುವುದೇ ಇಲ್ಲವಲ್ಲ. ಐದು ದಿನ ಬರಿಗೈಯಲ್ಲಿ ಹೋದ ಮೇಲೆ, ಆರನೆಯ ದಿನ ಶೆಟ್ರು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಚುಕ್ಕಿಯನ್ನು ಎತ್ತಿ ತೂಕ ನೋಡಿದರು. ಒಂದು ಮಗುವಿನಷ್ಟು ಭಾರವಿತ್ತು.

"ಒಳ್ಳೆ ಸಾಕಿದ್ದೀರಿ ಅಕ್ಕ," ಎಂದರು. ಆ ದನಿಯಲ್ಲಿ ನಿಜವಾದ ಕೃತಜ್ಞತೆಯಿತ್ತು. "ಆರೂ ಇಡುವುದು ನಿಲ್ಲಿಸಿದ್ದಾವೆ. ಕಾಂತಿ ಹೇಳಿದ್ದು ನೆನಪುಂಟಲ್ಲ?"

ರಾಜಮತಿಯಕ್ಕ ಓಡಿ ಹೋಗಿ ಬ್ರಾಹ್ಮಿಯನ್ನು ಫೋನಿನ ಸಮೇತ ಕರೆತಂದರು. ಅಬುಧಾಬಿಗೆ ವಿಡಿಯೋ ಕರೆ ಹೋಯಿತು. ಕಾಂತಿಯ ಮುಖ, ಪಕ್ಕದಲ್ಲಿ ಒಂದು ಶಿಶುವಿನ ಕಾಲು, ಹಿಂದೆ ಗೋಡೆಯ ಏಸಿ. ಕಾಂತಿಗೆ ರಾಜಮತಿಯಕ್ಕನ ಮೇಲೆ ಪ್ರೀತಿ ಇತ್ತು, ಕಾನೂನಿನ ಮೇಲೂ ಇತ್ತು. ಒಂದು ವಾರ ಸಮಯ ಕೊಡುವ ಎಂದಳು. ಬರುವ ಆದಿತ್ಯವಾರದೊಳಗೆ ಒಂದು ಮೊಟ್ಟೆಯಾದರೂ ಇಟ್ಟ ಕೋಳಿ ಉಳಿಯುತ್ತದೆ, ಇಡದ್ದು ಶೆಟ್ರಿಗೆ. ಶೆಟ್ರು ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿ ಕೋಳಿ ಗಸಿಯ ಜೊತೆಗೆಂದು ಎರಡು ಪ್ಯಾಕೆಟ್ ಒಣರೊಟ್ಟಿ ತೆಗೆದಿಡಲು ಹೇಳಿದರು.

ತನ್ನ ಮನೆಯಲ್ಲಿ, ತನ್ನ ಕೈಯಿಂದ ತಿಂದು, ಆರು ಜೀವ. ಹುಳ ಉಳಿಸಲು ಹೋಗಿ ಕೋಳಿ ಕೊಂದಂತಾಗುತ್ತದೆ. ರಾಜಮತಿಯಕ್ಕ ಉಟ್ಟ ಸೀರೆಯಲ್ಲೇ ಮೊಯಿದಿನಬ್ಬರ ಅಂಗಡಿಗೆ ಓಡಿದರು. ಕೋಳಿಗಳ ದಿನಚರಿಯನ್ನು ಪೂರ್ತಿ ಕೇಳಿ ಮೊಯಿದಿನಬ್ಬ ಈ ಸಲವೂ ಟೊಪ್ಪಿ ತೆಗೆದರು.

"ಅಮ್ಮ, ಬೀಜ ಅಂದ್ರೆ ಕೋಳಿಗೆ ಮದುವೆ ಊಟ. ದಿನಾ ಮದುವೆ ಊಟ ಮಾಡಿ, ಚಾಪೆ ಬಿಟ್ಟು ಏಳದಿದ್ರೆ ಯಾರು ಕೆಲಸ ಮಾಡ್ತಾರೆ? ಮೈ ತುಂಬ ಎಣ್ಣೆ ಆಗಿದೆ ಅವಕ್ಕೆ. ಓಡಾಡ್ಲಿಕ್ಕೆ ಬಿಡಿ, ಹುಳ ಹುಪ್ಪಟೆ ಹೆಕ್ಕಿ ತಿನ್ಲಿ. ಇಲ್ಲದಿದ್ರೆ ಮೀನಿನ ಹುಡಿ ಉಂಟು ನನ್ನಲ್ಲಿ."

ಮೀನಿನ ಹುಡಿ ಎಂದಾಕ್ಷಣ ರಾಜಮತಿಯಕ್ಕ ಸ್ಟೂಲಿನಿಂದ ಎದ್ದು ನಿಂತರು. ಮೊಯಿದಿನಬ್ಬ ಕೂಡಲೇ ಆ ಡಬ್ಬಿಯನ್ನು ಕೌಂಟರಿನ ಕೆಳಗೆ ಸರಿಸಿ, ಹಾಗಾದರೆ ಹೆಸರು, ಕಡ್ಲೆ ಇಂಥದ್ದನ್ನು ಮೆತ್ತಗೆ ಬೇಯಿಸಿ ಹಾಕಿ, ಬೀಜ ಪೂರಾ ನಿಲ್ಲಿಸಿ, ಚಿಪ್ಪಿನ ಹುಡಿ ಸ್ವಲ್ಪ ಬೆರೆಸಿ ಎಂದರು. ಚಿಪ್ಪಿನೊಳಗಿದ್ದ ಜೀವ ಎಲ್ಲಿಗೆ ಹೋಯಿತು ಎಂದು ರಾಜಮತಿಯಕ್ಕ ವಿಚಾರಿಸಿದರು. ಮೊಯಿದಿನಬ್ಬ ಹಾಗಾದರೆ ಸುಣ್ಣದ ಕಲ್ಲಿನ ಹುಡಿ ಎಂದರು. ಆದರೆ ಓಡಾಟ ಬೇಕೇ ಬೇಕು, ಅದಕ್ಕೆ ಬದಲಿ ನನ್ನ ಅಂಗಡಿಯಲ್ಲಿಲ್ಲ ಎಂದು ಕೊನೆಗೆ ಕಡ್ಡಿ ಮುರಿದ ಹಾಗೆ ಹೇಳಿದರು.

ಮರುದಿನ ಬೆಳಿಗ್ಗೆ ರಾಜಮತಿಯಕ್ಕ ಬಲೆ ಬಿಚ್ಚಿದರು. ಅವು ವಾಕಿಂಗ್ ಹೋಗುವುದು, ಡಾಕ್ಟರು ಹೇಳಿದರೆ ನಾವು ಹೋಗುವ ಹಾಗೆ, ಎಂದು ಬ್ರಾಹ್ಮಿಗೆ ವಿವರಿಸಿದರು. ವಾಕಿಂಗಿನ ದಾರಿಯಲ್ಲಿ ಯಾರು ಏನು ಮಾಡುತ್ತಾರೆ ಎಂದು ಯಾರೂ ಕೇಳಲಿಕ್ಕೆ ಹೋಗುವುದಿಲ್ಲ. ಮತ್ತೆ ಜಗಲಿಯ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಜಪಮಾಲೆ ಹಿಡಿದು ಕುಳಿತರು. ಹಿಂದಿನಿಂದ ಕೆರೆಕೆರೆ ಎಂದು ಮಣ್ಣು ಕೆದಕುವ ಸದ್ದು ಬಂದಾಗಲೆಲ್ಲ ಜಪದ ಸದ್ದು ಸ್ವಲ್ಪ ಏರುತ್ತಿತ್ತು. ಬುಧವಾರ ಜೈನರ ದಶಲಕ್ಷಣ ಪರ್ವ ಬೇರೆ ಸುರುವಾಯಿತು. ಹತ್ತು ದಿನ, ದಿನಕ್ಕೊಂದು ಧರ್ಮ. ಮೊದಲ ದಿನ ಕ್ಷಮೆ. ಆ ದಿನ ರಾಜಮತಿಯಕ್ಕ ಬಾಳೆಬುಡದ ಕಡೆಗೆ ತಿರುಗಿ ಮೂರು ಸಲ ಕೈಮುಗಿದರು.

ಸೂರ್ಯಕಾಂತಿ ನಿಂತದ್ದಕ್ಕೆ ಕೋಳಿಗಳು ಎರಡು ದಿನ ಮುಷ್ಕರ ಹೂಡಿದವು. ಬೇಯಿಸಿದ ಕಡ್ಲೆಯನ್ನು ಮೂಸಿ, ತಟ್ಟೆಗೆ ಬೆನ್ನು ಹಾಕಿದವು. ಮೂರನೆಯ ದಿನ ಬೊಳ್ಳಿ ಒಂದು ಕಾಳು ರುಚಿ ನೋಡಿತು, ಮತ್ತೆ ತಟ್ಟೆಯ ಮೇಲೆ ಜಾಗಕ್ಕೆ ಜಗಳವಾಯಿತು. ಗುರುವಾರ ಬ್ರಾಹ್ಮಿ ಗೂಡಿನ ಕಡೆಯಿಂದ ಬೆರಳೆತ್ತಿ ತೋರಿಸಿದಳು. ಒಂದು. ಬೊಳ್ಳಿ ಪಾರಾಯಿತು. ಶುಕ್ರವಾರ ಎರಡು, ಶನಿವಾರ ಇನ್ನೆರಡು. ಒಂದೊಂದು ಮೊಟ್ಟೆ ಒಯ್ಯುವಾಗಲೂ ಶೆಟ್ರ ಮುಖ ಸಣ್ಣದಾಗುತ್ತ ಬಂತು. ಅರುವತ್ತೆರಡು ವರ್ಷದಲ್ಲಿ ಮೊದಲ ಸಲ ರಾಜಮತಿಯಕ್ಕ ಮೊಟ್ಟೆಯ ಸುದ್ದಿ ಕೇಳಿ ಖುಷಿಪಟ್ಟರು, ಖುಷಿಪಟ್ಟದ್ದಕ್ಕೆ ಪಶ್ಚಾತ್ತಾಪಪಟ್ಟರು, ಮತ್ತೆ ಮೆಲ್ಲನೆ ಇನ್ನಾವುದಾದರೂ ಇಟ್ಟಿತಾ ನೋಡಿ ಬಾ ಎಂದು ಮೊಮ್ಮಗಳನ್ನು ಕಳಿಸಿದರು.

ಉಳಿದದ್ದು ಚುಕ್ಕಿ ಒಂದೇ. ಅತಿ ಹೆಚ್ಚು ಸೂರ್ಯಕಾಂತಿ ತಿಂದವಳು. ವಾಕಿಂಗಿಗೆ ಬಿಟ್ಟರೆ ನಾಲ್ಕು ಹೆಜ್ಜೆ ಹೋಗಿ ನೆರಳಿನಲ್ಲಿ ಕುಳಿತುಬಿಡುವವಳು.

ಆದಿತ್ಯವಾರ ಬೆಳಿಗ್ಗೆ ಗೋಡೆಯ ಆಚೆಯಿಂದ ಮಿಕ್ಸಿಯ ಸದ್ದು ಬಂತು. ಮತ್ತೆ ಹುರಿದ ಕೊತ್ತಂಬರಿಯ, ತೆಂಗಿನಕಾಯಿಯ ಪರಿಮಳ ಬಂತು. ಶೆಟ್ರು ಮಸಾಲೆ ಅರೆಯುತ್ತಿದ್ದರು. ರಾಜಮತಿಯಕ್ಕ ಗೂಡಿನ ಮುಂದೆ ನಿಂತರು. ಬೊಳ್ಳಿಯ ಬುಟ್ಟಿಯಲ್ಲಿ ಆಗಷ್ಟೇ ಇಟ್ಟ ಮೊಟ್ಟೆ ಇತ್ತು. ಪಾರಾದವಳಿಗೆ ಇನ್ನೊಂದು ಮೊಟ್ಟೆಯಿಂದ ಏನೂ ಆಗಬೇಕಾಗಿಲ್ಲ. ಪಕ್ಕದ ಬುಟ್ಟಿಯಲ್ಲಿ ಚುಕ್ಕಿ ಖಾಲಿ ಹುಲ್ಲಿನ ಮೇಲೆ ಕುಳಿತು, ಇವತ್ತಾದರೂ ಸೂರ್ಯಕಾಂತಿ ತಂದಿದ್ದಾರಾ ಎಂದು ಅವರ ಕೈಯನ್ನೇ ನೋಡುತ್ತಿತ್ತು.

ರಾಜಮತಿಯಕ್ಕ ಹಿತ್ತಿಲಿಗೆ ಹೋಗಿ ಬಾಳೆಲೆಯ ಒಂದು ತುಂಡು ಹರಿದು ತಂದರು. ಕಣ್ಣು ಮುಚ್ಚಿದರು. ಎಲೆಯಲ್ಲಿ ಮೊಟ್ಟೆಯನ್ನು ಹಿಡಿದು, ಬೆಂಕಿಯ ಕೆಂಡ ಒಯ್ದ ಹಾಗೆ ಉಸಿರು ಬಿಗಿಹಿಡಿದು ಒಯ್ದು ಚುಕ್ಕಿಯ ಬುಟ್ಟಿಗೆ ದಾಟಿಸಿ, ಓಡಿ ಹೋಗಿ ಮೂರು ಸಲ ಕೈ ತೊಳೆದರು.

ಹತ್ತಕ್ಕೆ ಶೆಟ್ರು ಬಂದರು. ಲುಂಗಿ ಎತ್ತಿ ಕಟ್ಟಿ, ಕೈಯಲ್ಲಿ ಒಂದು ಬುಟ್ಟಿ. ಅದು ಮೊಟ್ಟೆಯ ಬುಟ್ಟಿಗಿಂತ ತುಂಬಾ ದೊಡ್ಡದಿತ್ತು. ಚುಕ್ಕಿಯನ್ನು ಎತ್ತಿದರು. ಅಡಿಯಲ್ಲಿ ನೋಡಿದರು. ಇನ್ನೊಮ್ಮೆ ಬಗ್ಗಿ ನೋಡಿದರು.

ರಾಜಮತಿಯಕ್ಕನಿಗೆ ಒಂದು ವಿಷಯ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಅವರ ಜೀವನದಲ್ಲಿ ಇರಲಿಲ್ಲ. ಒಂದೊಂದು ಕೋಳಿಯ ಮೊಟ್ಟೆ ಒಂದೊಂದು ತರ. ಬೊಳ್ಳಿಯದ್ದು ಬಿಳಿ, ತುದಿ ಚೂಪು. ಚುಕ್ಕಿಯದ್ದು ಚಹಾದ ಬಣ್ಣ, ಲಿಂಬೆಯ ಹಾಗೆ ಉರುಟು. ದಿನಾ ಮೊಟ್ಟೆ ತಿನ್ನುವ ಶೆಟ್ರಿಗೆ ಅದು ಸ್ವಂತ ಮಕ್ಕಳ ಮುಖದಷ್ಟು ಪರಿಚಯ. ಅದಿರಲಿ, ಗಡಿಬಿಡಿಯಲ್ಲಿ ಎಲೆಯನ್ನು ತೆಗೆಯಲು ಮರೆತುಹೋಗಿತ್ತು.

"ಚುಕ್ಕಿ ಬಾಳೆಲೆ ಹಾಕಿ ಮೊಟ್ಟೆ ಇಟ್ಟಿದ್ದಾಳಲ್ಲ ಅಕ್ಕ," ಎಂದರು ಶೆಟ್ರು. "ಬದಿಯಲ್ಲಿ ಉಪ್ಪು, ಉಪ್ಪಿನಕಾಯಿ ಬಡಿಸುವುದೊಂದು ಬಾಕಿ."

ರಾಜಮತಿಯಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಒಂದು ಸಣ್ಣ ಸುಳ್ಳು ಸಾಕಿತ್ತು. ಆದರೆ ಪರ್ವದಲ್ಲಿ ಆ ದಿನ ಸತ್ಯಕ್ಕೆ ಮೀಸಲು. ಅದೇ ಬೆಳಿಗ್ಗೆ ಬಸದಿಯಲ್ಲಿ ಕುಳಿತು ಒಂದು ಗಂಟೆ ಸತ್ಯದ ಮಹಿಮೆ ಕೇಳಿ ಬಂದಿದ್ದರು. ಪರ್ವಕ್ಕೆ ಆ ಒಂದು ದಿನ ಆಚೀಚೆ ಆಗಬಾರದಿತ್ತಾ ಎಂದು ಅವರಿಗೆ ಅನಿಸಿತು.

"ಅದು ಬೊಳ್ಳಿಯದ್ದು ಶೆಟ್ರೇ," ಎಂದರು. "ನಾನೇ ತಂದು ಹಾಕಿದ್ದು. ಚುಕ್ಕಿಗೆ ಮೊಟ್ಟೆ ನಿಲ್ಲಿಸಿದ್ದು ನನ್ನ ಬೀಜ, ಅವಳ ತಪ್ಪು ಇಲ್ಲ."

"ನೀವು ಮೊಟ್ಟೆ ಮುಟ್ಟಿದ್ರಾ?"

"ಎಲೆಯಲ್ಲಿ."

ಶೆಟ್ರು ಚುಕ್ಕಿಯನ್ನು ಕಂಕುಳಲ್ಲಿಟ್ಟುಕೊಂಡು ರಾಜಮತಿಯಕ್ಕನನ್ನು ನೋಡಿದರು. ಮಳೆಗಾಲದಲ್ಲಿ ಎರೆಹುಳ ತುಳಿಯಬಾರದೆಂದು ರಸ್ತೆಯಲ್ಲಿ ಕುಂಟುಬಿಲ್ಲೆ ಆಡಿದ ಹಾಗೆ ನಡೆಯುವ ಹೆಂಗಸು. ಮೊಟ್ಟೆಯ ಚಿತ್ರವಿದ್ದ ಕ್ಯಾಲೆಂಡರನ್ನು ತಿರುಗಿಸಿ ನೇತುಹಾಕಿದ ಹೆಂಗಸು. ಅವರ ಕೈ ಇನ್ನೂ ಒದ್ದೆಯಿತ್ತು, ತೊಳೆದು ತೊಳೆದು ಬೆರಳು ಸುಕ್ಕುಗಟ್ಟಿದ್ದವು. ಶೆಟ್ರು ನಗಲು ಸುರುಮಾಡಿದರು. ನಗುವಿಗೆ ಚುಕ್ಕಿ ಅವರ ಕಂಕುಳಲ್ಲಿ ಮೇಲೆ ಕೆಳಗೆ ಹೋಯಿತು. ಕೊನೆಗೆ ಅದನ್ನು ಕೆಳಗೆ ಬಿಟ್ಟು ಲುಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡರು.

"ಬೇಡ ಮಾರಾಯ್ತಿ. ಇದನ್ನು ತಿಂದರೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ." ಮತ್ತೆ ಗೋಡೆಯ ಆಚೆಗೆ ನೋಡಿ ದೀರ್ಘವಾಗಿ ಉಸಿರುಬಿಟ್ಟರು. "ಆದರೆ ಆ ಮಸಾಲೆಗೆ ಎಂತ ಮಾಡುವುದು? ಎರಡು ಕಾಯಿ ಅರೆದದ್ದು. ರೊಟ್ಟಿ ಬೇರೆ ತಂದಾಗಿದೆ."

ರಾಜಮತಿಯಕ್ಕ ಒಳಗೆ ಹೋದರು. ಒಲೆಯ ಮೇಲೆ ಕೋಳಿಗಳಿಗೆಂದು ಬೇಯಿಸಿದ ಕಡ್ಲೆ ಇತ್ತು, ಒಂದು ದೊಡ್ಡ ತಪಲೆ ತುಂಬ. ಹುಳ ಆರಿಸಿ, ಮೂರು ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆನೆಸಿ, ಬೆರಳಿಗೆ ಸಿಕ್ಕಿದರೆ ಹಿಟ್ಟಾಗುವಷ್ಟು ಬೇಯಿಸಿದ್ದು. ಇಂಥ ಕಡ್ಲೆ ಊರಿನ ಯಾವ ಮದುವೆಯಲ್ಲೂ ಸಿಗುವುದಿಲ್ಲ. ತಪಲೆಯನ್ನು ತಂದು ಶೆಟ್ರ ಕೈಗೆ ಕೊಟ್ಟರು.

"ಕಡ್ಲೆ ಗಸಿ ಮಾಡಿ. ರೊಟ್ಟಿಗೆ ಆಗ್ತದೆ."

"ಇದು ಕೋಳಿಗೆ ಬೇಯಿಸಿದ್ದಲ್ವಾ?"

"ಕೋಳಿಗೆ ಆಗುವುದು ನಿಮಗೆ ಆಗುವುದಿಲ್ವಾ?"

ಶೆಟ್ರು ಒಂದು ಕಾಳು ಬಾಯಿಗೆ ಹಾಕಿದರು. ಇನ್ನೊಂದು ಹಾಕಿದರು. ಬುಟ್ಟಿಯನ್ನು ತಲೆಗೆ ಕವುಚಿಕೊಂಡು, ತಪಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಇದನ್ನೆಲ್ಲ ಕಾಂತಿಗೆ ಹೇಳಬೇಡಿ ಎಂದು ಹೇಳಿ ಗೇಟಿನ ಕಡೆ ಹೊರಟರು. ಹೇಳುವ ಅಗತ್ಯ ಬರಲಿಲ್ಲ. ಜಗಲಿಯಲ್ಲಿ ಬ್ರಾಹ್ಮಿಯ ಫೋನು, ಅಬುಧಾಬಿಯ ವಿಡಿಯೋ ಕರೆಯ ಸಮೇತ, ಮೊದಲಿನಿಂದಲೂ ಅತ್ತ ಕಡೆಗೇ ತಿರುಗಿತ್ತು.

ತಮ್ಮ ಹನ್ನೊಂದು ಗಂಟೆಯ ಊಟ ಗೇಟು ದಾಟುವುದನ್ನು ಮೊದಲು ನೋಡಿದ್ದು ಬೊಳ್ಳಿ. ಅದು ಕೂಗಿತು. ಉಳಿದ ನಾಲ್ಕು ಬಾಳೆಬುಡ ಬಿಟ್ಟು ಓಡಿ ಬಂದವು. ಸಂಕಪ್ಪ ಶೆಟ್ರನ್ನು ಕಂಡರೆ ಅಟ್ಟ ಹತ್ತುತ್ತಿದ್ದ ಕೋಳಿಗಳು ಈಗ ಕೊರಳು ಚಾಚಿಕೊಂಡು ಅವರ ಹಿಂದೆ ಹಿಂದೆ ಹೋದವು. ಎಲ್ಲಕ್ಕಿಂತ ಹಿಂದೆ, ನಾಲ್ಕು ಹೆಜ್ಜೆಗಿಂತ ಹೆಚ್ಚು ಯಾವತ್ತೂ ನಡೆಯದ ಚುಕ್ಕಿ, ಎರಡೂ ರೆಕ್ಕೆ ಬಿಚ್ಚಿಕೊಂಡು ಬುಡುಬುಡು ಎಂದು ಓಡುತ್ತಿತ್ತು. ಶೆಟ್ರು ಒಮ್ಮೆ ಹಿಂತಿರುಗಿ ನೋಡಿದರು. ತಪಲೆಯನ್ನು ಎದೆಗೆ ಒತ್ತಿ ಹಿಡಿದು ಹೆಜ್ಜೆ ಜೋರು ಮಾಡಿದರು.